ಅವ್ವ ಕೇಳಿದ ಸರ್ಟಿಫಿಕೇಟು



ಇದನ್ನ ಬಹಳ ದಿನದಿಂದ ಬರೀಬೇಕು ಅಂತಿದ್ದೆ. ಕೂಸು ಈಗಷ್ಟೇ ತೊಟ್ಟಿಲಲ್ಲಿ ಕಣ್ಣು ಮುಚ್ಚಿದೆ, ಅರ್ಧ ತಾಸು ಸಿಕ್ಕಿದೆ. ನಾಲ್ಕೈದು ಜನ ತಂಗಿಯರು ಇನ್‌ಬಾಕ್ಸ್‌ನಲ್ಲಿ ಒಂದೇ ಪ್ರಶ್ನೆ ಕೇಳಿದ್ದಾರೆ: "ಅಕ್ಕಾ, ಬಸುರಿದ್ದಾಗ ವಿಮಾನ ಹತ್ತಬಹುದಾ? ನೀವು ಹೋಗಿದ್ರಲ್ಲ?"

ಹೋಗಿದ್ದೆ. ಹೋಗುವಾಗ ಏನೂ ಆಗಲಿಲ್ಲ, ಬರುವಾಗ ಸಿಕ್ಕಿಹಾಕಿಕೊಂಡೆ. ಅದನ್ನೇ ಹೇಳ್ತೀನಿ. ನಮ್ಮ ಮನೆಗಳಲ್ಲಿ ಇದನ್ನ ಹೇಳಿಕೊಡುವ ಹಿರಿಯರಿಲ್ಲ. ನಮ್ಮ ಅವ್ವಂದಿರು ವಿಮಾನ ನೋಡಿದ್ದು ಕತ್ತೆತ್ತಿ ಮಾತ್ರ.

ದಿಲ್ಲಿಯಲ್ಲಿ ಗುತ್ತಿಗೆ ಪೌರಕಾರ್ಮಿಕರ ಬಗ್ಗೆ ಎರಡು ದಿನದ ಸಭೆ ಇತ್ತು. ಹೆಣ್ಣುಮಕ್ಕಳ ಹೆರಿಗೆ ರಜೆ ಬಗ್ಗೆ ನಾನು ಮಾತಾಡಬೇಕಿತ್ತು. ಕರೆ ಬಂದಾಗ ನನಗೆ 28ನೇ ವಾರ. ರೈಲಿನಲ್ಲಿ ಎರಡು ದಿನದ ಹತ್ತಿರ ಕೂರಲು ಸೊಂಟ ಒಪ್ಪಲಿಲ್ಲ. ಸಂಘಟಕರು ವಿಮಾನದ ಟಿಕೆಟ್ ಮಾಡಿಸ್ತೀವಿ ಅಂದರು, ಬೆಂಗಳೂರಲ್ಲಿ ಇಳಿದು ದಿಲ್ಲಿ ವಿಮಾನ ಹತ್ತೋದು.

ಅವ್ವ ಬೇಡ ಅಂದಳು. "ಏಳು ತುಂಬಿ ಎಂಟರಾಗ ಬಿದ್ದೈತಿ. ಮ್ಯಾಲೆ ಗಾಳಿ ಇರೂದಿಲ್ಲಂತ. ಆ ಬಾಗಲದಾಗ ಹಾದ್ರ ಕೂಸಿಗೆ ಕರೆಂಟ್ ಹೊಡಿತೈತಂತ."

ಗೂಗಲ್ ಮಾಡಿದರೆ ತಲೆ ಕೆಡುತ್ತದೆ. ಹಾಗಾಗಿ ನಮ್ಮ ಆಶಾ ಅಕ್ಕನ ಜೊತೆ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಮೇಡಂ ಹತ್ತಿರ ಹೋಗಿ ಅವ್ವನ ಪ್ರಶ್ನೆಗಳನ್ನೇ ಕೇಳಿದೆ.

ಗಾಳಿಯ ವಿಷಯದಲ್ಲಿ ಅವ್ವ ಪೂರ್ತಿ ತಪ್ಪಲ್ಲ. ವಿಮಾನದೊಳಗೆ ಗಾಳಿಯ ಒತ್ತಡ ನೆಲದ ಮೇಲಿದ್ದಷ್ಟು ಇರುವುದಿಲ್ಲ. ಹೆಚ್ಚೆಂದರೆ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇದ್ದ ಹಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅದಕ್ಕಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ. ಆರೋಗ್ಯವಾಗಿರುವ ಬಸುರಿಗೂ ಹೊಟ್ಟೆಯ ಕೂಸಿಗೂ ಇದರಿಂದ ತೊಂದರೆ ಇಲ್ಲ. ಆದರೆ ರಕ್ತ ತೀರಾ ಕಡಿಮೆ ಇದ್ದವರು, ಬಿಪಿ ಏರಿದವರು, ರಕ್ತಸ್ರಾವ ಆದವರು, ಕಸ ಕೆಳಗೆ ಕೂತಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದವರು, ಹಿಂದೆ ದಿನ ತುಂಬುವ ಮೊದಲೇ ಹಡೆದವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಬಾರದು.

ಬಾಗಿಲ ವಿಷಯ. ಏರ್‌ಪೋರ್ಟಿನಲ್ಲಿ ನಾವು ಹಾದುಹೋಗುವ ಚೌಕಟ್ಟು ಲೋಹ ಹುಡುಕುವುದು, ಅದು ಎಕ್ಸ್‌ರೇ ಅಲ್ಲ. ಎಕ್ಸ್‌ರೇ ಹಾಕೋದು ಬ್ಯಾಗಿಗೆ. ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಬಸುರಿ ಇದ್ದೀನಿ, ಕೈಯಿಂದ ತಪಾಸಣೆ ಮಾಡಿ ಅಂತ ಮಹಿಳಾ ಸಿಬ್ಬಂದಿಗೆ ಹೇಳಬಹುದು.

ಆಮೇಲೆ ಮೇಡಂ ನನ್ನ ತಾಯಿ ಕಾರ್ಡ್ ತೆಗೆದು ನೋಡಿದರು. ಹಿಮೋಗ್ಲೋಬಿನ್ 9.2. ಬಸುರಿಗೆ 11 ಇರಬೇಕು, 7ಕ್ಕಿಂತ ಕೆಳಗೆ ಹೋದರೆ ಅಪಾಯ. "ಕಬ್ಬಿಣದ ಗುಳಿಗಿ ಬಿಟ್ಟೀಯಲ್ಲ?" ಅಂತ ಸರಿಯಾಗಿ ಬೈದರು. ಬಿಟ್ಟಿದ್ದೆ, ಸುಳ್ಳೇನು ಹೇಳ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ. ಸಭೆಗಳಲ್ಲಿ ಈ ಲೆಕ್ಕ ಹೇಳುತ್ತಾ ಹೇಳುತ್ತಾ ನಾನೇ ಆ ಲೆಕ್ಕದೊಳಗೆ ಇದ್ದೆ. ಎರಡು ವಾರ ಗುಳಿಗೆ, ಸೊಪ್ಪು, ಮೊಟ್ಟೆ. ಮತ್ತೆ ನೋಡಿದಾಗ ಸ್ವಲ್ಪ ಏರಿತ್ತು. ಆಗ ಹೂಂ ಅಂದರು.

ಈಗ ಲೆಕ್ಕದ ಮಾತು. ಇದನ್ನ ಗಮನ ಇಟ್ಟು ಓದಿ.

ನಮ್ಮ ಮನೆಗಳಲ್ಲಿ ತಿಂಗಳಲ್ಲಿ ಎಣಿಸ್ತಾರೆ, ವಿಮಾನದವರು ವಾರದಲ್ಲಿ ಎಣಿಸ್ತಾರೆ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಲೆಕ್ಕ, ಒಟ್ಟು 40 ವಾರ. ತಾಯಿ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕ ಬರೆದಿರುತ್ತಾರೆ, ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸಾಕು. ಎಂಟು ವಾರ ಹಿಂದಕ್ಕೆ ಹೋದರೆ 32, ನಾಲ್ಕು ವಾರ ಹೋದರೆ 36. ಹೊಟ್ಟೆಯಲ್ಲಿ ಒಂದೇ ಕೂಸು, ಬೇರೆ ತೊಂದರೆ ಇಲ್ಲ ಅಂದರೆ ಸಾಮಾನ್ಯವಾಗಿ 36 ವಾರದ ತನಕ ಹತ್ತಿಸಿಕೊಳ್ಳುತ್ತಾರೆ, ಅವಳಿ ಇದ್ದರೆ 32ರ ತನಕ. 28 ದಾಟಿದ ಮೇಲೆ ಡಾಕ್ಟರ್ ಪತ್ರ ಕೈಯಲ್ಲಿರುವುದು ಒಳ್ಳೆಯದು. ಕಂಪನಿಯಿಂದ ಕಂಪನಿಗೆ ಇದು ಒಂದೆರಡು ವಾರ ಹಿಂದೆ ಮುಂದೆ ಆಗುತ್ತದೆ. ಟಿಕೆಟ್ ಮಾಡುವ ಮೊದಲೇ ಆ ಕಂಪನಿಯ ನಿಯಮ ಓದಿ, ಓದಿದ ಪುಟದ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ನಾನು ಹತ್ತಿದ ಕಂಪನಿಗೆ 32 ವಾರ ತುಂಬುವ ತನಕ ಸರ್ಟಿಫಿಕೇಟ್ ಬೇಡ. ಆಮೇಲೆ ಬೇಕು, ಅದೂ ಪ್ರಯಾಣಕ್ಕೆ ಮೂರು ದಿನದೊಳಗೆ ಬರೆಸಿದ್ದೇ ಆಗಬೇಕು. ನಾನು ಹೊರಡುವ ದಿನ ಸರಿಯಾಗಿ 31 ವಾರ. ಮೂರು ದಿನದಲ್ಲಿ ವಾಪಸ್. ನನಗೇನು ಚಿಂತೆ?

ಮೇಡಂ ಮಾತ್ರ ಬರೆಸಿಕೊಂಡೇ ಹೋಗು ಅಂದರು. ಅವತ್ತು ಅವರಿಗೆ ಹೆರಿಗೆ ವಾರ್ಡಿನಲ್ಲಿ ಕೆಲಸ ಇತ್ತು ಅಂತ ನಾನು ಹತ್ತಿರದ ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆ. ಅಲ್ಲಿ ತಾಯಿ ಕಾರ್ಡ್ ತಿರುವಿ, ನನ್ನ ಹೆಸರು ಅಡ್ಡಹೆಸರು ಓದಿ, ಕೇಳಿದ ಮೊದಲ ಪ್ರಶ್ನೆ: "ನಿಮಗ್ಯಾಕಮ್ಮಾ ವಿಮಾನ? ಯಾರು ಕಳಸಾಕತ್ತಾರ?" ಎಷ್ಟನೇ ವಾರ ಅಂತ ಕೇಳಲಿಲ್ಲ, ಬಿಪಿ ನೋಡಲಿಲ್ಲ. ಕಾರ್ಡ್ ಇಸಕೊಂಡು ಎದ್ದು ಬಂದೆ. ಸಂಜೆ ಸರ್ಕಾರಿ ಆಸ್ಪತ್ರೆಯಲ್ಲೇ ಕಾದೆ. ಮೇಡಂ ವಾರ್ಡಿನಿಂದ ಬಂದು, ಕೈ ತೊಳೆದುಕೊಂಡು, ಬಿಪಿ ನೋಡಿ, ಕೂಸಿನ ಎದೆಬಡಿತ ಕೇಳಿಸಿ, ಇಂಗ್ಲಿಷಿನಲ್ಲಿ ಬರೆದುಕೊಟ್ಟರು: ಆಧಾರಿನಲ್ಲಿದ್ದ ಹಾಗೆಯೇ ಹೆಸರು, ಒಂದೇ ಕೂಸು, ಪ್ರಯಾಣದ ದಿನಕ್ಕೆ ಎಷ್ಟು ವಾರ, ಹೆರಿಗೆಯ ನಿರೀಕ್ಷಿತ ದಿನ, ತೊಡಕುಗಳಿಲ್ಲ, ವಿಮಾನ ಪ್ರಯಾಣಕ್ಕೆ ಯೋಗ್ಯಳು. ಕೆಳಗೆ ಸಹಿ, ನೋಂದಣಿ ಸಂಖ್ಯೆ, ಸೀಲು, ದಿನಾಂಕ.

ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ. ಅವ್ವ ಆ ಹಾಳೆಯನ್ನ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಕೇಳಿದಳು:

"ನೀ ಹೊಟ್ಟ್ಯಾಗಿದ್ದಾಗ ಒಂಬತ್ತು ತುಂಬೂತನಕ ಗಟಾರ ಬಳದೇನಿ. ಆವಾಗ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲಲ್ಲ? ಕುಂತು ಹೋಗೂ ವಿಮಾನಕ್ಕ ಕೇಳ್ತಾರ, ಬಗ್ಗಿ ಕಸ ಹೊಡಿಯಾಕ ಯಾಕ ಕೇಳೂದಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಿಗ್ಗೆ ನವನಗರದಿಂದ ಉಣಕಲ್ ಮೇಲೆ ಆಟೋದಲ್ಲಿ ಗೋಕುಲ ರೋಡಿನ ಏರ್‌ಪೋರ್ಟಿಗೆ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೈಚೀಲದಲ್ಲಿ. ಗುಳಿಗೆ, ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಕೂಡ ಕೈಚೀಲದಲ್ಲೇ. ಇವನ್ನ ದೊಡ್ಡ ಬ್ಯಾಗಿಗೆ ಹಾಕಿ ಕಳಿಸಬೇಡಿ. ನಡುದಾರಿ ಪಕ್ಕದ ಸೀಟು ಕೇಳಿ ತಗೊಂಡೆ, ಮೂತ್ರಕ್ಕೆ ಏಳೋದು ಸುಲಭ. ಬೆಲ್ಟನ್ನು ಹೊಟ್ಟೆಯ ಮೇಲೆ ಬಿಗಿಯಬಾರದು, ಹೊಟ್ಟೆಯ ಕೆಳಗೆ ತೊಡೆಯ ಮೇಲೆ ಹಾಕಬೇಕು. ಬಸುರಿಯಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಅದಕ್ಕೆ ನೀರು ಕುಡಿಯುತ್ತಿರಬೇಕು, ಕೂತಲ್ಲೇ ಪಾದ ಆಡಿಸಬೇಕು, ತಾಸಿಗೊಮ್ಮೆ ಎದ್ದು ನಡೆಯಬೇಕು. ನಾಲ್ಕು ತಾಸಿಗಿಂತ ದೊಡ್ಡ ಪ್ರಯಾಣವಾದರೆ ಬಿಗಿ ಕಾಲುಚೀಲದ ಬಗ್ಗೆ ಡಾಕ್ಟರನ್ನು ಕೇಳಿ. ವೀಲ್‌ಚೇರ್ ಬೇಕಾದರೆ ಟಿಕೆಟ್ ಮಾಡುವಾಗಲೇ ಹೇಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಸಭೆಯಲ್ಲಿ ಅವ್ವನ ಪ್ರಶ್ನೆಯನ್ನೇ ಓದಿದೆ. ಬೇರೆ ಭಾಷಣ ಬರೆದುಕೊಂಡು ಹೋಗಿದ್ದೆ, ಅದನ್ನ ತೆಗೆಯಲೇ ಇಲ್ಲ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರ ನಿಂತು ಮಾತಾಡಿದ್ದನ್ನ ನೆನಪಿಸಿದೆ. ಹೆರಿಗೆಗೆ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಖರ್ಚಿನ ಭಾರದಿಂದ ದುಡಿಸಿಕೊಳ್ಳುವ ಮಾಲೀಕ ನುಣುಚಿಕೊಳ್ಳುವಂತಿಲ್ಲ ಅನ್ನೋದು ಅವರ ವಾದವಾಗಿತ್ತು. ಮರುವರ್ಷ ಅಲ್ಲಿ ಕಾಯ್ದೆ ಬಂತು. ಆಗ ನಮ್ಮ ಧಾರವಾಡ ಜಿಲ್ಲೆ ಇದ್ದದ್ದು ಅದೇ ಮುಂಬಯಿ ಪ್ರಾಂತದಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ನಾನು ಹುಟ್ಟುವ ಹೊತ್ತಿಗೆ ಅದರಲ್ಲಿ 12 ವಾರ ಸಂಬಳದ ರಜೆ ಇತ್ತು. ಅವ್ವನಿಗೆ ಒಂದು ದಿನವೂ ಸಿಗಲಿಲ್ಲ, ಯಾಕಂದರೆ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ. ಇದ್ದದ್ದು ಪೊರಕೆ ಮಾತ್ರ.

ಸಭೆ ಮುಗಿದ ಮೇಲೆ ಮನವಿ ಕೊಡೋದು, ಅಧಿಕಾರಿ ಸಿಗಲಿಲ್ಲ, ನಾಳೆ ಬನ್ನಿ, ನಾಡಿದ್ದು ಬನ್ನಿ. ನಿಮಗೆಲ್ಲ ಗೊತ್ತಿರೋದೇ. ವಾಪಸ್ ಟಿಕೆಟ್ ಮುಂದೆ ಹಾಕಿಸಿದೆ. ವಾರದ ಲೆಕ್ಕ ಮರೆತೇಬಿಟ್ಟೆ.

ದಿಲ್ಲಿ ಏರ್‌ಪೋರ್ಟಿನ ಕೌಂಟರಿನಲ್ಲಿ ಹುಡುಗಿ ನನ್ನ ಹೊಟ್ಟೆ ನೋಡಿ ವಾರ ಕೇಳಿದಳು. ಬೆರಳಲ್ಲಿ ಎಣಿಸಿದೆ: 32 ವಾರ, ಎರಡು ದಿನ. ಸರ್ಟಿಫಿಕೇಟ್ ಕೊಟ್ಟೆ. ಹತ್ತು ದಿನ ಹಳೆಯದು, ನಡೆಯೋದಿಲ್ಲ ಅಂದಳು. ತಾಯಿ ಕಾರ್ಡ್ ತೆಗೆದು ತೋರಿಸಿದೆ. ಅದು ಕನ್ನಡದಲ್ಲಿದೆ, ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಹಿಂದೆ ಸಾಲು ಬೆಳೀತಾ ಇತ್ತು, ಯಾರೋ ಲೊಚಗುಟ್ಟಿದರು. ನನ್ನ ಬ್ಯಾಗನ್ನ ಬೆಲ್ಟಿನಿಂದ ಕೆಳಗಿಳಿಸಿದರು.

ಅಲ್ಲಿ ನಿಂತಾಗ ನೆನಪಾದದ್ದು ತುಮಕೂರು. 2022ರ ನವೆಂಬರಿನಲ್ಲಿ ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ಆಸ್ಪತ್ರೆಯಿಂದ ವಾಪಸ್ ಕಳಿಸಿದ ತುಂಬು ಬಸುರಿ ಮನೆಯಲ್ಲೇ ಅವಳಿ ಮಕ್ಕಳನ್ನ ಹೆತ್ತು, ಮೂವರೂ ತೀರಿಕೊಂಡರಲ್ಲ. ನನಗೆ ತಪ್ಪಿದ್ದು ಒಂದು ವಿಮಾನ ಅಷ್ಟೇ. ಅವಳ ಜೊತೆ ನನ್ನನ್ನ ಹೋಲಿಸಿಕೊಳ್ಳೋದಿಲ್ಲ. ಆದರೆ ಕಾಗದ ಇಲ್ಲದ ಬಸುರಿಯ ಮುಂದೆ ಜನ ಹೇಗೆ ಮುಖ ತಿರುಗಿಸ್ತಾರೆ ಅಂತ ಅರ್ಧ ತಾಸು ನನಗೂ ಗೊತ್ತಾಯ್ತು.

ಆ ಹುಡುಗಿಯ ಮೇಲೆ ಸಿಟ್ಟಿಲ್ಲ. ನಿಯಮ ನನ್ನ ಮತ್ತು ಕೂಸಿನ ಒಳ್ಳೆಯದಕ್ಕೇ ಇರೋದು. ಆಕಾಶದಲ್ಲಿ ಹೆರಿಗೆ ನೋವು ಬಂದರೆ ಅಲ್ಲಿ ಆಸ್ಪತ್ರೆ ಇಲ್ಲ. ತಪ್ಪಿದ್ದು ನಾನು, ಹೋಗುವ ದಿನ ಎಣಿಸಿ ಬರುವ ದಿನ ಎಣಿಸಲಿಲ್ಲ. ಅವತ್ತು ಗೆಳತಿಯ ಮನೆಯಲ್ಲಿ ಮಲಗಿ, ಬೆಳಿಗ್ಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು, ತಪಾಸಣೆ ಮಾಡಿಸಿ ಹೊಸ ಸರ್ಟಿಫಿಕೇಟ್ ಬರೆಸಿಕೊಂಡೆ. ಮರುದಿನ ಹತ್ತಿದೆ. ಹೊಸ ಟಿಕೆಟಿನ ದುಡ್ಡು ಸಂಗಾತಿಗಳು ಕೂಡಿಸಿದರು, ಆ ಋಣ ದೊಡ್ಡದು.

ಹಾಗಾಗಿ ತಂಗಿಯರೇ, ಸ್ಕಾಲರ್‌ಶಿಪ್‌ಗೆ, ಕೆಲಸಕ್ಕೆ, ಸಭೆಗೆ ಹೋಗಬೇಕಾದವರು ಧೈರ್ಯವಾಗಿ ಹೋಗಿ. ವಾಪಸ್ ಬರುವ ದಿನದ ವಾರ ಎಣಿಸಿ. ಅದು ಮಿತಿಗೆ ಹತ್ತಿರ ಇದ್ದರೆ ಅಲ್ಲಿ ಸರ್ಟಿಫಿಕೇಟ್ ಬರೆದುಕೊಡುವ ಆಸ್ಪತ್ರೆ ಯಾವುದು ಅಂತ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ರಕ್ತದ ಗುಂಪು, ಜೊತೆಗಿರುವವರ ನಂಬರು ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಡಿ. "ನಿಮಗ್ಯಾಕೆ ವಿಮಾನ" ಅಂದವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಬೇರೆ ಡಾಕ್ಟರ್ ಇದ್ದಾರೆ.

ಇನ್ನು ಅವ್ವನ ಪ್ರಶ್ನೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ, ಅದರಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ತಗೋಬಹುದು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು. ನಮ್ಮ ಓಣಿಯ ಗುತ್ತಿಗೆ ಅಕ್ಕಂದಿರು ವರ್ಷವಿಡೀ ದುಡಿದಿದ್ದಾರೆ, ಪುಸ್ತಕದಲ್ಲಿ ಮಾತ್ರ ದುಡಿದಿಲ್ಲ. ಅದಕ್ಕೆ ಈಗ ಒಂದು ಕೆಲಸ ಶುರು ಮಾಡಿದ್ದೀವಿ. ಬಸುರಿ ಅಂತ ಗೊತ್ತಾದ ತಿಂಗಳಿಂದಲೇ ದಿನದ ಹಾಜರಿಯನ್ನ ಒಂದು ನೋಟುಬುಕ್ಕಿನಲ್ಲಿ ಬರೆದಿಡೋದು, ಕೆಲಸದ ಜಾಗದ ಫೋಟೋ ಇಡೋದು, ರಜೆ ಬೇಕು ಅಂತ ಬರವಣಿಗೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳೋದು. ನವನಗರ ಸುತ್ತಮುತ್ತಲಿನವರು ಯಾರಾದರೂ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಅರ್ಜಿ ಕೂತು ಬರೆಯೋಣ.

ಎರಡೂ ಸರ್ಟಿಫಿಕೇಟುಗಳನ್ನ ಅವ್ವ ತನ್ನ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಯಾಕೆ ಬೇ ಅಂದರೆ, "ಇರಲಿ, ಯಾರರ ಕೇಳಿದ್ರ ತೋರಸಾಕ" ಅಂತಾಳೆ.

ಕೂಸು ಎದ್ದಿತು. ಬರ್ತೀನಿ.

ಜೈಭೀಮ್.