ಹಳೆಯ ಭಾವಚಿತ್ರಗಳ ಬೆಲೆ ಮತ್ತು ಅಚೌರ್ಯಾಣುವ್ರತ

ವ್ಯಾಪಾರಸ್ಥರ ಮನೆತನದಲ್ಲಿ ಹುಟ್ಟಿದವನಿಗೆ ಬೆಲೆ ಎಂಬ ಶಬ್ದ ಹೊಸದಲ್ಲ. ಜೋಳಕ್ಕೆ ಬೆಲೆಯುಂಟು, ಕುಸುಬಿಗೆ ಬೆಲೆಯುಂಟು, ತಿಕೋಟಾ ಭಾಗದ ಒಣದ್ರಾಕ್ಷಿಗೆ ಬೆಲೆಯುಂಟು. ಇವುಗಳ ಬೆಲೆಯನ್ನು ಪೇಟೆಯೇ ಕಟ್ಟಿಕೊಡುತ್ತದೆ. ಮಾಲಿನ ಬಣ್ಣ, ಗಾತ್ರ, ತೇವಾಂಶಗಳನ್ನು ನೋಡಿ ಅನುಭವಿಯಾದ ಅಡತಿ ವ್ಯಾಪಾರಿ ಕ್ಷಣಾರ್ಧದಲ್ಲಿ ದರ ಹೇಳಬಲ್ಲನು. ಆದರೆ ಉಣ್ಣಲೂ ಉಡಲೂ ಬಾರದ, ಒಂದರಂತೆ ಇನ್ನೊಂದಿಲ್ಲದ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ? ಹಳೆಯ ಭಾವಚಿತ್ರಗಳು, ಅದರಲ್ಲಿಯೂ ಗಣ್ಯರ ಹಸ್ತಾಕ್ಷರವಿರುವ ಭಾವಚಿತ್ರಗಳು ಇಂಥ ವಸ್ತುಗಳು. ಇವುಗಳನ್ನು ಕೊಳ್ಳುವವರು ಈಚೆಗೆ ನಮ್ಮ ಜಿಲ್ಲೆಯ ಹಳೆಯ ವಾಡೆಗಳ ಬಾಗಿಲಿಗೂ ಬರತೊಡಗಿದ್ದಾರೆ. ಆದುದರಿಂದ ಶ್ರಾವಕ ಬಂಧುಗಳೂ ಬಸದಿಗಳ ವಿಶ್ವಸ್ತರೂ ಈ ವಿಷಯವನ್ನು ಅರಿತಿರುವುದು ಅವಶ್ಯಕವೆಂದು ಭಾವಿಸಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಈ ವ್ಯಾಪಾರವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಅಮೆರಿಕದವರು. ಅಲ್ಲಿ ಬೇಸ್‌ಬಾಲ್ ಆಟಗಾರರ ಹಳೆಯ ಚಿತ್ರಗಳಿಗೆ ನಮ್ಮಲ್ಲಿ ಮುತ್ತುರತ್ನಗಳಿಗಿರುವಂಥ ಪೇಟೆಯುಂಟು. ನ್ಯೂಜೆರ್ಸಿಯಲ್ಲಿರುವ ನಮ್ಮ ಅಕ್ಕನ ಮೊಮ್ಮಗನು ಊರಿಗೆ ಬಂದಾಗ ಅಂಥದೊಂದು ಚಿತ್ರವನ್ನು ನನಗೆ ತೋರಿಸಿ, ಅದರ ಲೆಕ್ಕಾಚಾರವನ್ನು ವಿವರಿಸಿದನು. ಅಲ್ಲಿಯವರು ಚಿತ್ರಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ಮೂಲ ನೆಗೆಟಿವ್‌ನಿಂದ, ಚಿತ್ರ ತೆಗೆದ ಸುಮಾರು 2 ವರ್ಷಗಳೊಳಗೆ ಮುದ್ರಿಸಿದ ಪ್ರತಿ ಮೊದಲನೆಯ ವರ್ಗ. ಅದೇ ನೆಗೆಟಿವ್‌ನಿಂದ ಆ ಅವಧಿಯ ನಂತರ ಮುದ್ರಿಸಿದ್ದು ಎರಡನೆಯದು. ನಕಲು ನೆಗೆಟಿವ್‌ನಿಂದ ಅಥವಾ ತಂತಿಯ ಮೂಲಕ ಬಂದ ಚಿತ್ರದಿಂದ ಆ ಕಾಲದಲ್ಲಿಯೇ ಮುದ್ರಿಸಿದ್ದು ಮೂರನೆಯದು. ಹಾಗೆಯೇ ನಕಲಿನಿಂದ ಬಹುಕಾಲದ ಮೇಲೆ ಮುದ್ರಿಸಿದ್ದು ನಾಲ್ಕನೆಯದು. ಕಣ್ಣಿಗೆ ನಾಲ್ಕೂ ಒಂದೇ ಚಿತ್ರ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಇದರ ಮೇಲೆ ಛಾಯಾಗ್ರಾಹಕನ ಹೆಸರು, ಹಿಂಬದಿಯ ಪತ್ರಿಕಾ ಕಚೇರಿಯ ಮುದ್ರೆ, ಮೂಲೆಗಳ ಸ್ಥಿತಿ, ಸಹಿಯ ಸ್ಪಷ್ಟತೆ, ವಸ್ತು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಇತಿಹಾಸ ಇವೆಲ್ಲವೂ ಗಣನೆಗೆ ಬರುತ್ತವೆ.

ಎಲ್ಲಿ ಬೆಲೆ ಏರುವುದೋ ಅಲ್ಲಿ ವಂಚನೆಯೂ ಏರುವುದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ಕಳ್ಳಸಹಿಯ ಒಂದು ದೊಡ್ಡ ಜಾಲವನ್ನು ಭೇದಿಸಿತು. ಆ ಜಾಲದವರು ಆಟಗಾರರ ಸಹಿಗಳನ್ನಷ್ಟೇ ಅಲ್ಲದೆ, ಬೇಸ್‌ಬಾಲ್ ಚೆಂಡಿನ ಮೇಲೆ ಮದರ್ ತೆರೇಸಾ ಅವರ ಸಹಿಯನ್ನೂ ಸೃಷ್ಟಿಸಿದ್ದರು! ನಿಜವಾದ ಸಹಿಯನ್ನು ಗುರುತಿಸಲು ಬಲ್ಲವರು ಅನುಸರಿಸುವ ಕೆಲವು ಪರೀಕ್ಷೆಗಳು ಸರಳವಾಗಿವೆ. ಪ್ರಸಿದ್ಧ ಆಟಗಾರ ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ. ಇಂದು ಸಹಿ ಹಾಕಲು ಎಲ್ಲರೂ ಬಳಸುವ ಶಾರ್ಪಿ ಎಂಬ ಮಾರ್ಕರ್ ಪೆನ್ನು ಪೇಟೆಗೆ ಬಂದದ್ದು 1964ರಲ್ಲಿ. ಆ ಪೆನ್ನಿನಿಂದ ಹಾಕಿದ ಅವನ ಸಹಿ ನಿಜವಾಗುವುದು ಹೇಗೆ? ಭೂತಗನ್ನಡಿಯಲ್ಲಿ ನೋಡಿದಾಗ ಸಹಿಯು ಸಣ್ಣ ಚುಕ್ಕೆಗಳ ಸಮೂಹವಾಗಿ ಕಂಡರೆ ಅದು ಮುದ್ರಿತವಾದದ್ದು, ಕೈಯಿಂದ ಬರೆದದ್ದಲ್ಲ.

ಇದು ದೂರದೇಶದ ಕಥೆಯೆಂದು ಓದುಗರು ಬದಿಗಿಡಬಾರದು. ಭಾರತದಲ್ಲಿ ಛಾಯಾಗ್ರಹಣದ ಆರಂಭಕಾಲಕ್ಕೂ ನಮ್ಮ ವಿಜಯಪುರಕ್ಕೂ ನಿಕಟ ಸಂಬಂಧವಿದೆ. 1855ರಲ್ಲಿ ಮುಂಬಯಿ ಸರಕಾರವು ತನ್ನ ಸೈನ್ಯದ ಕ್ಯಾಪ್ಟನ್ ಬಿಗ್ಸ್ ಎಂಬ ಅಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಸ್ಮಾರಕಗಳ ಚಿತ್ರ ತೆಗೆಯಲು ನೇಮಿಸಿತು. ಅವನೂ ಮೇಜರ್ ಲಾಕ್ ಎಂಬವನೂ ತೆಗೆದ ಚಿತ್ರಗಳನ್ನು ಒಳಗೊಂಡ, ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತ ಬೃಹದ್ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗುಸನ್ ಅದಕ್ಕೆ ವಿವರಣೆ ಬರೆದರು. ಅಂಥ ಗ್ರಂಥಗಳಲ್ಲಿ ನಿಜವಾದ ಛಾಯಾಚಿತ್ರಗಳನ್ನೇ ಹಾಳೆಗಳಿಗೆ ಅಂಟಿಸುತ್ತಿದ್ದರು. ಈಗ ಕೆಲವು ವ್ಯಾಪಾರಿಗಳು ಹಳೆಯ ಪುಸ್ತಕಗಳನ್ನು ಹರಿದು, ಒಂದೊಂದು ಹಾಳೆಯನ್ನೂ ಬಿಡಿಯಾಗಿ ಮಾರುತ್ತಾರೆ. ಇಡೀ ಗ್ರಂಥಕ್ಕಿಂತ ಬಿಡಿ ಹಾಳೆಗಳಿಗೆ ಒಟ್ಟು ಹಣ ಹೆಚ್ಚು ಬರುತ್ತದೆ. ನಮ್ಮ ಸಮಾಜಕ್ಕೆ ಈ ನೋವು ಹೊಸದಲ್ಲ. ಸಚಿತ್ರ ಕಲ್ಪಸೂತ್ರದ ಹಸ್ತಪ್ರತಿಗಳ ಓಲೆಗಳೂ ಹಾಳೆಗಳೂ ಹೀಗೆಯೇ ಬೇರೆ ಬೇರೆಯಾಗಿ ಇಂದು ಜಗತ್ತಿನ ಅನೇಕ ವಸ್ತುಸಂಗ್ರಹಾಲಯಗಳಲ್ಲಿ ಚದುರಿಹೋಗಿವೆ. ಒಡೆದು ಮಾರಿದ್ದನ್ನು ಮತ್ತೆ ಕೂಡಿಸಲಾಗದು.

ನಮ್ಮಲ್ಲಿಯ ಚಿತ್ರಗಳ ಕಾಲನಿರ್ಣಯಕ್ಕೂ ಸರಳ ಉಪಾಯಗಳುಂಟು. ಹಿಂಬದಿಯ ಸ್ಟುಡಿಯೋ ಮುದ್ರೆಯಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟಿಗಿಂತ ಹಿಂದಿನದಲ್ಲ, ಏಕೆಂದರೆ ಪಿನ್ ಪದ್ಧತಿ ಆರಂಭವಾದದ್ದೇ ಆಗ. ಇಂಗ್ಲಿಷಿನ ವಿಳಾಸದಲ್ಲಿ ಜಿಲ್ಲೆ ವಿಜಯಪುರ ಎಂದಿದ್ದರೆ, ಬಿಜಾಪುರದ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು ಎಂಬುದನ್ನು ನೆನೆಯಬೇಕು. ಆಟಗಾರರ ಗುಂಪಿನ ಚಿತ್ರದ ಕೆಳಗೆ ಕರ್ನಾಟಕ ತಂಡವೆಂದು ಅಚ್ಚಾಗಿದ್ದರೆ ಅದು 1973ರ ನವೆಂಬರಿನ ನಂತರದ್ದೇ ಆಗಿರಬೇಕು. ಅದಕ್ಕೆ ಮೊದಲು ನಮ್ಮ ರಾಜ್ಯದ ಹೆಸರು ಮೈಸೂರು. ಕುತೂಹಲದ ಸಂಗತಿಯೆಂದರೆ, ಹೆಸರು ಬದಲಾದ ಅದೇ ಋತುವಿನಲ್ಲಿ, 1974ರ ಮಾರ್ಚ್‌ನಲ್ಲಿ, ಪ್ರಸನ್ನ ಅವರ ನಾಯಕತ್ವದಲ್ಲಿ ಕರ್ನಾಟಕವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಹೀಗೆ ಮುದ್ರೆಯ ಒಂದು ಅಕ್ಷರವೂ ಸಾಕ್ಷಿ ನುಡಿಯಬಲ್ಲದು.

ಇನ್ನು ನೀತಿಯ ವಿಚಾರಕ್ಕೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಈ ಹೊಸ ವ್ಯಾಪಾರಕ್ಕೆ ಅವು ಹೇಗೆ ಅನ್ವಯಿಸುತ್ತವೆ ಎಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಮೊದಲನೆಯದು ಸ್ತೇನಪ್ರಯೋಗ, ಅಂದರೆ ಕಳ್ಳತನಕ್ಕೆ ಪ್ರೇರಣೆ ಕೊಡುವುದು. ಇಂಥ ಚಿತ್ರ ಎಲ್ಲಿಂದಾದರೂ ತಂದುಕೊಡು ಎಂದು ಆಸೆ ಹಚ್ಚುವವನು, ಬಸದಿಯ ಗೋಡೆಯಿಂದ ಅದನ್ನು ಇಳಿಸಿದವನಷ್ಟೇ ಹೊಣೆಗಾರ. ಎರಡನೆಯದು ತದಾಹೃತಾದಾನ, ಕದ್ದು ತಂದದ್ದನ್ನು ಕೊಳ್ಳುವುದು. ವಸ್ತು ಎಲ್ಲಿಂದ ಬಂತೆಂದು ಕೇಳದೆ ಕೊಳ್ಳುವವನು ಈ ದೋಷದ ಅಂಚಿನಲ್ಲಿ ನಿಂತಿರುತ್ತಾನೆ. ಮೂರನೆಯದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಾನೂನನ್ನು ಮೀರುವುದು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ಐತಿಹಾಸಿಕ ಮಹತ್ವದ ವಸ್ತು 100 ವರ್ಷ, ಹಸ್ತಪ್ರತಿಯಾದರೆ 75 ವರ್ಷ ದಾಟಿದಾಗ ಪುರಾವಸ್ತುವೆನಿಸಬಹುದು. ಪುರಾವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಕಳುಹಿಸುವಂತಿಲ್ಲ. ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ನಾಲ್ಕನೆಯದು ಹೀನಾಧಿಕ ಮಾನೋನ್ಮಾನ, ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ. ಇಲ್ಲಿ ತಕ್ಕಡಿಯಿಲ್ಲ, ಮಾತೇ ತಕ್ಕಡಿ. ಕೊಳ್ಳುವಾಗ ‘ಇದು ಬರೀ ಹಳೆಯ ಕಾಗದ’ ಎನ್ನುವವನು, ಮಾರುವಾಗ ‘ಇದು ದುರ್ಲಭ’ ಎಂದರೆ ಅವನು ಎರಡು ಸೇರು ಇಟ್ಟುಕೊಂಡಂತೆಯೇ ಸರಿ. ಐದನೆಯದು ಪ್ರತಿರೂಪಕ ವ್ಯವಹಾರ, ಅಸಲಿನ ಹೆಸರಿನಲ್ಲಿ ನಕಲನ್ನು ನಡೆಸುವುದು. ಕಳ್ಳಸಹಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಕಾಣೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸದೃಶ ವಸ್ತುಗಳ ಬೆರಕೆಯನ್ನೂ ದೋಷವೆಂದಿದ್ದಾರೆ. ಮೇಲೆ ಹಸಿರು ಮನುಕ, ಕೆಳಗೆ ಹೋದ ವರ್ಷದ ಮಾಲು ತುಂಬಿದ ಪೆಟ್ಟಿಗೆಯನ್ನು ನಮ್ಮ ಪೇಟೆಯಲ್ಲಿ ಯಾರು ಕಂಡಿಲ್ಲ? ಹತ್ತು ನಿಜವಾದ ಚಿತ್ರಗಳ ನಡುವೆ ಎರಡು ನಕಲುಗಳನ್ನು ಸೇರಿಸಿ ಮಾರುವುದೂ ಅದೇ ಬೆರಕೆ.

ಕೆಲವು ತಿಂಗಳ ಹಿಂದೆ ಬಬಲೇಶ್ವರದ ಕಡೆಯ ಒಂದು ಪರಿಚಿತ ಮನೆತನದಲ್ಲಿ ಮೂವರು ಅಣ್ಣತಮ್ಮಂದಿರ ಪಾಲುಪಟ್ಟಿ ನಡೆದಿತ್ತು. ಹೊಲ, ಮನೆ, ಬಂಗಾರಗಳ ಪಾಲು ಮುಗಿದ ಮೇಲೆ ಒಂದು ಟ್ರಂಕು ಉಳಿಯಿತು. ಮುಂಬಯಿಯಿಂದ ಬಂದ ಒಬ್ಬ ವ್ಯಾಪಾರಿ ಅದನ್ನು ಇಡಿಯಾಗಿ 25,000 ರೂಪಾಯಿಗೆ ಕೇಳಿದ್ದನು. ಲೆಕ್ಕಪತ್ರ ಬಲ್ಲವನೆಂದು ನನ್ನನ್ನು ಕರೆಸಿದರು. ಟ್ರಂಕಿನಲ್ಲಿ ಮುಖ್ಯವಾದವು ಮೂರು: ಕಂದುಬಣ್ಣಕ್ಕೆ ತಿರುಗಿದ, ದಪ್ಪ ರಟ್ಟಿಗೆ ಅಂಟಿಸಿದ ಗೋಲಗುಮ್ಮಟದ ಹಳೆಯ ಚಿತ್ರ, ಸಹಿಗಳಿದ್ದ ಕ್ರಿಕೆಟ್ ತಂಡದ ಚಿತ್ರ, ಮುನಿಸಂಘವೊಂದು ವಿಹಾರದಲ್ಲಿ ಅವರ ಮನೆಯ ಮುಂದೆ ತಂಗಿದಾಗ ಅಜ್ಜನವರು ತೆಗೆಸಿದ ಚಿತ್ರ.

ಕಿರಿಯವನು ಕೇಳಿದನು: “ಕಾಕಾ, ಮಗಳ ಫೀ ಕಟ್ಟೋದೈತಿ. ಬಂದ ರೊಕ್ಕ ತೊಗೊಂಡು ಮುಗಿಸಿಬಿಡೂಣೇನ್ರಿ?” ಅವನ ಅವಸರ ಸುಳ್ಳಾಗಿರಲಿಲ್ಲ. ಆದರೆ ಅರಿಯದೆ ಇಡಿಯಾಗಿ ಮಾರುವುದು ಮೂವರಿಗೂ ನಷ್ಟ. ಮೊದಲು ಪ್ರತಿಯೊಂದನ್ನೂ ಬೇರೆ ಬೇರೆ ಪಟ್ಟಿ ಮಾಡಿ, ಇಬ್ಬರು ಬಲ್ಲವರಿಂದ ಅಭಿಪ್ರಾಯ ಪಡೆದು, ಆಮೇಲೆ ಮಾತನಾಡೋಣವೆಂದೆ. ಹಾಗೆಯೇ ನಡೆಯಿತು. ಕ್ರಿಕೆಟ್ ಚಿತ್ರದ ಸಹಿಗಳಲ್ಲಿ ಕೆಲವು ಮಾತ್ರ ಕೈಬರಹ, ಉಳಿದವು ಮುದ್ರಿತವೆಂದು ತಿಳಿಯಿತು. ಅದನ್ನು ರಸೀದಿಯಲ್ಲಿ ಸ್ಪಷ್ಟವಾಗಿ ಬರೆದೇ ಮಾರಿದರು. ಬೆಲೆ ಕೊಂಚ ಕಡಿಮೆ ಬಂದರೂ ಮಗಳ ಫೀ ಕಟ್ಟಲು ಸಾಕಾಯಿತು. ಗುಮ್ಮಟದ ಚಿತ್ರ ನೂರು ವರ್ಷ ಮೀರಿದ್ದೆಂದು ತೋರಿದ್ದರಿಂದ, ಸಂಬಂಧಪಟ್ಟ ಇಲಾಖೆಯನ್ನು ವಿಚಾರಿಸುವವರೆಗೆ ಮಾರಕೂಡದೆಂದು ಮೂವರೂ ಒಪ್ಪಿದರು.

ಮುನಿಸಂಘದ ಚಿತ್ರದಲ್ಲಿ ಮಾತ್ರ ವಾದ ಎದ್ದಿತು. ಮೂರು ಮನೆಗೂ ನಕಲು ಮಾಡಿಸಿಕೊಂಡು ಮೂಲವನ್ನು ಬಸದಿಗೆ ಕೊಡಿರೆಂದು ನಾನು ಸೂಚಿಸಿದೆ. ಹಿರಿಯವನು ತಲೆಯಾಡಿಸಿದನು. ನಡುವಿನವನು ಒಪ್ಪಲಿಲ್ಲ. “ಬಸದಿಗೆ ಕೊಟ್ರ ಯಾರು ನೋಡ್ಕೊಂತಾರ್ರಿ? ಹಿಂದ ನಮ್ಮಪ್ಪ ಕೊಟ್ಟ ಎರಡು ಫೋಟೋ ಈಗ ಎಲ್ಲಿ ಅದಾವ, ಯಾರಿಗೂ ಗೊತ್ತಿಲ್ಲ” ಎಂದನು. ಈ ಪ್ರಶ್ನೆಗೆ ಕುಳಿತಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ. ದಾನಕ್ಕೆ ಬಂದ ಬೆಳ್ಳಿಯ ಬಟ್ಟಲನ್ನು ತೂಕ ಮಾಡಿ ದಾಖಲಿಸುವ ನಾವು, ಭಾವಚಿತ್ರವನ್ನು ಮೊಳೆಗೆ ತೂಗುಹಾಕಿ ಮರೆಯುತ್ತೇವೆ. ಧೂಪದ ಹೊಗೆ, ಗೋಡೆಯ ತೇವ, ಗೆದ್ದಲುಗಳು ತಮ್ಮ ಕೆಲಸ ಮಾಡುತ್ತವೆ. ಆ ಚಿತ್ರ ಇಂದಿಗೂ ಹಿರಿಯವನ ಮನೆಯ ಕಪಾಟಿನಲ್ಲಿಯೇ ಇದೆ. ಬಸದಿಯಲ್ಲಿ ದಾಖಲೆ ಪುಸ್ತಕ ಆದ ದಿನ ಕೊಡುವುದೆಂದು ನಿರ್ಧಾರವಾಗಿದೆ. ಅವರ ಷರತ್ತು ನ್ಯಾಯವಾದದ್ದೆಂದೇ ನನ್ನ ಅಭಿಮತ.

ಬೆಲೆಯ ಬಗ್ಗೆ ಇನ್ನೆರಡು ಮಾತು. ಮಹಾತ್ಮಾ ಗಾಂಧಿಯವರು ತಮ್ಮ ಸಹಿಗೆ 5 ರೂಪಾಯಿ ಪಡೆದು ಹರಿಜನ ನಿಧಿಗೆ ಸೇರಿಸುತ್ತಿದ್ದರು. ಸಹಿಯ ಮೋಹವನ್ನು ಅವರು ಹಳಿಯಲಿಲ್ಲ. ಅದರ ಫಲವನ್ನು ಲೋಕೋಪಯೋಗಕ್ಕೆ ತಿರುಗಿಸಿದರು. ಅವರು ಗೌರವಿಸುತ್ತಿದ್ದ ಶ್ರೀಮದ್ ರಾಜಚಂದ್ರರು ಮುಂಬಯಿಯಲ್ಲಿ ರತ್ನದ ವ್ಯಾಪಾರ ಮಾಡುತ್ತಿದ್ದವರು. ದರ ಏರಿದ್ದರಿಂದ ಎದುರಿನ ವ್ಯಾಪಾರಿ ದಿವಾಳಿಯಾಗುವ ಸ್ಥಿತಿ ಬಂದಾಗ ಅವರು ಕರಾರುಪತ್ರವನ್ನೇ ಹರಿದುಹಾಕಿದರೆಂದು ಹೇಳುತ್ತಾರೆ. ಕರಾರು ಕಾನೂನಿಗೆ ಸರಿಯಾಗಿಯೇ ಇತ್ತು. ಆದರೆ ಬಲ್ಲವನು ಇನ್ನೊಬ್ಬನ ಸಂಕಟದಿಂದ ಲಾಭ ಪಡೆಯಬಾರದೆಂಬುದು ಅವರ ನಿಲುವು. ಅರಿಯದವನ ಅಜ್ಞಾನದಿಂದ ಲಾಭ ಪಡೆಯುವುದೂ ಇದೇ ಜಾತಿಗೆ ಸೇರಿದ್ದಲ್ಲವೇ? ಹಳೆಯ ವಸ್ತುಗಳ ವ್ಯಾಪಾರದಲ್ಲಿ ಹೆಚ್ಚಿನ ಲಾಭವೆಲ್ಲ ಬರುವುದು ಮಾರುವವನ ಅಜ್ಞಾನದಿಂದಲೇ.

ಲೆಕ್ಕಶಾಸ್ತ್ರದಲ್ಲಿ ಒಂದು ನಿಯಮವಿದೆ: ಬಾರದ ಲಾಭವನ್ನು ಬಂದಂತೆ ಬರೆಯಬಾರದು. ಹಳೆಯ ಚಿತ್ರಕ್ಕೆ ಇಷ್ಟು ಲಕ್ಷ ಬರುವುದಂತೆ ಎಂಬ ಗಾಳಿಮಾತಿನ ಮೇಲೆ ಅಣ್ಣತಮ್ಮಂದಿರು ಮುನಿಸಿಕೊಳ್ಳುವುದೂ, ಟ್ರಸ್ಟಿನವರು ಆಸ್ತಿಪಟ್ಟಿಯಲ್ಲಿ ದೊಡ್ಡ ಅಂಕಿ ಬರೆಯುವುದೂ ಅವಿವೇಕ. ಕೊಳ್ಳುವವನು ಹಣ ಎಣಿಸಿ ಕೊಟ್ಟಾಗಲೇ ಅದು ಬೆಲೆ. ಅಲ್ಲಿಯವರೆಗೆ ಅದು ಊಹೆ. ಸಂಗ್ರಹಿಸುವ ಹವ್ಯಾಸವುಳ್ಳವರಿಗೂ ಒಂದು ಬಿನ್ನಹ. ಪರಿಗ್ರಹಕ್ಕೆ ಪರಿಮಾಣ ಬೇಕೆಂಬ ವ್ರತ ಚಿತ್ರಗಳಿಗೂ ಅನ್ವಯಿಸುತ್ತದೆ. ಎಷ್ಟು ಸಾಕೆಂಬುದನ್ನು ಕೊಳ್ಳುವ ಮೊದಲೇ ನಿರ್ಧರಿಸಿದವನಿಗೆ ವಂಚಕರ ಮಾತು ಬೇಗ ನಾಟುವುದಿಲ್ಲ.

ಕೊನೆಯದಾಗಿ ವಿಶ್ವಸ್ತರಲ್ಲಿ ಕೆಲವು ಸೂಚನೆಗಳು. ಪ್ರತಿ ಬಸದಿಯೂ ಭಾವಚಿತ್ರಗಳಿಗಾಗಿ ಪ್ರತ್ಯೇಕ ದಾಖಲೆ ಪುಸ್ತಕ ಇಡಲಿ. ಚಿತ್ರದಲ್ಲಿರುವವರು ಯಾರು, ಯಾವ ವರ್ಷದ್ದು, ಕೊಟ್ಟವರು ಯಾರು ಎಂಬುದನ್ನು ಹಿರಿಯರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳಲಿ. ಚಿತ್ರದ ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಬರೆಯಬೇಕು. ಶಾಯಿ, ಅಂಟು, ಲ್ಯಾಮಿನೇಷನ್ ಕೂಡದು. ಹಳೆಯ ಛಾಯಾಚಿತ್ರದ ಕಾಗದಗಳಿಗೆ ಮೊದಲು ಮೊಟ್ಟೆಯ ಬಿಳಿಯನ್ನೂ ಅನಂತರ ಪ್ರಾಣಿಜನ್ಯವಾದ ಜೆಲೆಟಿನ್ನನ್ನೂ ಲೇಪಿಸುತ್ತಿದ್ದರು. ಆದ್ದರಿಂದ ಅವುಗಳನ್ನು ಗರ್ಭಗೃಹದ ಹತ್ತಿರ ಇಡದೆ ಒಣಗಿದ, ಬಿಸಿಲು ಬೀಳದ ಕೋಣೆಯಲ್ಲಿ ಇಡುವುದು ಆಚಾರಕ್ಕೂ ಸಂರಕ್ಷಣೆಗೂ ಒಳ್ಳೆಯದು. ಮೂಲವನ್ನು ಜೋಪಾನವಾಗಿಟ್ಟು ಗೋಡೆಗೆ ನಕಲನ್ನು ಹಾಕಿದರೆ ದರ್ಶನಾರ್ಥಿಗಳಿಗೇನೂ ಕೊರತೆಯಾಗದು. ಯಾವ ವಸ್ತುವನ್ನೇ ಆಗಲಿ ಮಾರುವ, ಕೊಡುವ ನಿರ್ಣಯ ಸಭೆಯಲ್ಲಿ ಲಿಖಿತವಾಗಿಯೇ ಆಗಲಿ.

ಬರುವ ಚಾತುರ್ಮಾಸದಲ್ಲಿ ಸಮಾಜದವರೆಲ್ಲರೂ ಬಸದಿಯಲ್ಲಿ ಕೂಡುವ ಕಾಲದಲ್ಲಿ ಈ ಕೆಲಸಕ್ಕೆ ನಾಲ್ಕು ದಿನ ಮೀಸಲಿಟ್ಟರೂ ಸಾಕು. ಇಬ್ಬರು ಯುವಕರು, ಒಬ್ಬ ಹಿರಿಯರು, ಒಂದು ಗೆರೆ ಹೊಡೆದ ಪುಸ್ತಕ, ಒಂದು ಪೆನ್ಸಿಲ್ಲು. ಇದಕ್ಕಿಂತ ಹೆಚ್ಚಿನ ಖರ್ಚಿಲ್ಲ.