ಬೌಂಡ್ರಿ ಅನ್ನೂ ಶಬ್ದ

ನಮ್ಮ ಮನ್ಯಾಗ 'ಬೌಂಡ್ರಿ' ಅನ್ನೂ ಶಬ್ದ ಭಾಳ ವರ್ಷದಿಂದ ಐತಿ. ನಮ್ಮ ಮನಿಯವರು ಟಿ.ವಿ. ಮುಂದ ಕೂತು "ಹೋತ್ ಹೋತ್, ಬೌಂಡ್ರೀ!" ಅಂತ ಒದರಿದ್ರ, ಒಳಗ ರೊಟ್ಟಿ ಬಡಿಯೂ ನನಗ ನಾಕು ರನ್ ಬಂದ್ವು ಅಂತ ತಿಳೀತಿತ್ತು. ಚೆಂಡು ನೆಲಾ ಮುಟ್ಟಿ ಗೆರಿ ದಾಟಿದ್ರ 4, ಮುಟ್ಟದ ಮ್ಯಾಲಿಂದ ದಾಟಿದ್ರ 6, ಇಷ್ಟು ನನಗೂ ಬರ್ತೈತಿ. ಹಿತ್ತಲ ಗ್ವಾಡಿ ಕಟ್ಟುವಾಗ ಗೌಂಡಿ ಅದಕ್ಕ 'ಬೌಂಡ್ರಿ ವಾಲ್' ಅಂತಿದ್ದ. ಅಷ್ಟ ನನಗ ಗೊತ್ತಿದ್ದದ್ದು. ಹೋದ ವರ್ಷ ಶ್ರಾವಣದಾಗ ಅದ ಶಬ್ದ ಬಂದು ಎದಿಗೆ ಬಡೀತು. ಹುಬ್ಬಳ್ಳಿಯಿಂದ ಮಗಳು ಫೋನ್ ಮಾಡಿ ಅಂದ್ಲು: "ಮಮ್ಮಿ, ಅದು ನನ್ನ ಬೌಂಡ್ರಿ. ನೀ ದಾಟಬಾರದಿತ್ತು."

ಏನಾಗಿತ್ತಂದ್ರ, ಅಕಿ ಮನಿ ಚಾವಿ ಒಂದು ನನ್ನ ಹತ್ರ ಇತ್ತು. ಧಾರವಾಡದಿಂದ ಹುಬ್ಬಳ್ಳಿ ಎಷ್ಟರ ದೂರ? 20 ಕಿಲೋಮೀಟರ್. ವಾರಕ್ಕೊಮ್ಮೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟಗೊಂಡು ಚಿಗರಿ ಬಸ್ ಹತ್ತಿಬಿಡ್ತಿದ್ದೆ. ಅಕಿ, ಅಳಿಯ ಇಬ್ಬರೂ ಕೆಲಸಕ್ಕ ಹೋಗಿರ್ತಿದ್ರು. ನಾನ ಕೀಲಿ ತಗದು ಒಳಗ ಹೋಗಿ, ಭಾಂಡೆ ಜೋಡಿಸಿ, ಫ್ರಿಜ್ ಒರಸಿ, ಒಣಗಿದ ಅರಬಿ ಮಡಚಿಟ್ಟು, ಸಂಜೀಕ ಹೊಳ್ಳಿ ಬರ್ತಿದ್ದೆ. ಮೊದಮೊದಲು ಅಡಿಗಿ ಮನಿ ಅಷ್ಟ. ಆಮ್ಯಾಲೆ ಪಡಸಾಲಿ. ಆಮ್ಯಾಲೆ ಅವರು ಮಲಗೂ ಕೋಲಿ. ಒಂದಿನ ಕಪಾಟಿನ್ಯಾಗ ಅರಬಿ ಇಡುವಾಗ ಒಂದು ಫೈಲ್ ಕೆಳಗ ಬಿತ್ತು. ತಗದು ನೋಡಿದೆ. ಅದರಾಗ ಏನಿತ್ತು ಅಂತ ಇಲ್ಲೆ ಬರಿಯೂದಿಲ್ಲ. ಅದು ನಾ ಹೇಳೂ ಮಾತಲ್ಲ.

ನೋಡಿದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಮುಂದ ಮಾಡಿದೆ. ಹೊಟ್ಯಾಗ ಇಟಗೊಳ್ಳಾಕ ಆಗದ ನಮ್ಮ ತಂಗಿಗೆ ಹೇಳಿದೆ. "ಯಾರ ಮುಂದೂ ಅನಬ್ಯಾಡ" ಅಂತಾನೂ ಹೇಳಿದೆ. ಈ ಮಾತಿನ ಬೆಲಿ ನಿಮಗೆಲ್ಲಾ ಗೊತ್ತೈತಿ. ಮರುದಿನ ಸಂಜಿ ಆಗೂದರಾಗ ಮಗಳಿಗೆ ಮೂರು ಮಂದಿ ಫೋನ್ ಮಾಡಿದ್ರು. ಒಬ್ಬರು ಹರಕಿ ಹೊತಗೋ ಅಂದ್ರು, ಒಬ್ಬರು ಒಂದು ಔಷಧ ಹೇಳಿದ್ರು, ಇನ್ನೊಬ್ಬರು ಸುಮ್ಮನ ಅತ್ತರಂತ. ಆಮ್ಯಾಲೆ ಬಂತು ಆ ಬೌಂಡ್ರಿ ಅನ್ನೂ ಮಾತು. "ಚಾವಿ ವಾಪಸ್ ಕಳಸು ಮಮ್ಮಿ" ಅಂತಾನೂ ಅಂದ್ಲು.

ಚಾವಿ ನಮ್ಮವರ ಕೈಲೆ ಕಳಿಸಿದೆ. ಹದಿನೈದು ದಿನ ಮಾತಾಡಲಿಲ್ಲ. ಹಡದ ತಾಯಿಗೆ ಗೆರಿ ಕೊರೀತಾಳ, ಇದೆಲ್ಲಾ ಇಂಗ್ಲಿಷ್ ಕಲಿತದ್ದರ ಗುಣಾ, ನಮ್ಮ ಕಾಲಕ್ಕ ಇಂಥಾ ಶಬ್ದ ಇರಲಿಲ್ಲ ಅಂತ ಒಳಗೊಳಗ ಕುದ್ದೆ.

ಅಷ್ಟರಾಗ ಇ-ಖಾತೆ ಮಾಡಸಾಕಂತ ನಮ್ಮವರು ಟ್ರಂಕಿನಿಂದ ಮನಿ ಖರೀದಿ ಪತ್ರ ತಗದ್ರು. "ನನಗ ಚಷ್ಮಾ ಸಿಗವಲ್ದು, ಚಕ್ಕಬಂದಿ ಅಷ್ಟ ಓದು" ಅಂದ್ರು. ಚಕ್ಕಬಂದಿ ಅಂದ್ರ ನಮ್ಮ ಜಾಗಾದ ನಾಕು ದಿಕ್ಕಿನ ಗಡಿ. ಇಂಗ್ಲಿಷ್ ಪತ್ರದಾಗ ಅದಕ್ಕ ಬೌಂಡ್ರೀಸ್ ಅಂತನ ಬರೀತಾರ. ಓದಿದೆ. ಪೂರ್ವಕ್ಕ ಇಂಥವರ ಮನಿ, ಪಶ್ಚಿಮಕ್ಕ ರಸ್ತೆ, ಉತ್ತರಕ್ಕ ಇಂಥವರ ಖುಲ್ಲಾ ಜಾಗಾ, ದಕ್ಷಿಣಕ್ಕ ಇಂಥವರ ಮನಿ. ಓದ್ತಾ ಓದ್ತಾ ಸುಮ್ಮನ ನಿಂತೆ. ಅಲ್ರೀ, ನಮ್ಮ ಗಡಿ ಯಾವುದು ಅಂತ ಹೇಳೂ ಆ ನಾಕು ಸಾಲಿನ್ಯಾಗ ನಮ್ಮ ಹೆಸರ ಇಲ್ಲ. ಇದ್ದದ್ದೆಲ್ಲಾ ಬಾಜೂಕಿನವರ ಹೆಸರು! ಯಾರ ಮಗ್ಗಲಕ ಅದೀವಿ ಅಂತ ಹೇಳದ ನಮ್ಮದು ಎಷ್ಟು, ಎಲ್ಲೈತಿ ಅಂತ ಹೇಳಾಕ ಬರೂದಿಲ್ಲ. ಮಗ್ಗಲಕ ಯಾರೂ ಇಲ್ಲದವರಿಗೆ ಗಡಿ ಯಾತಕ್ಕ?

ಆವತ್ತು ರಾತ್ರಿ ನಿದ್ದಿ ಬರಲಿಲ್ಲ. ತವರುಮನಿ ಹೊಲದ ಬದು ಕಣ್ಣಿಗೆ ಕಟ್ಟಿತು. ಬೈಲಹೊಂಗಲದ ಕಡೆ ಎರಿ ಹೊಲ. ಬದು ಅಂದ್ರ ಗ್ವಾಡಿ ಅಲ್ಲ. ಒಂದು ಮಣ್ಣಿನ ಏರು, ಅಲ್ಲಲ್ಲಿ ಹುಗದ ಬಾಂದಕಲ್ಲು. ಅದರ ಮ್ಯಾಲೆ ಎರಡೂ ಹೊಲದವರು ಬುತ್ತಿ ಹೊತಗೊಂಡು ನಡದಾಡ್ತಿದ್ರು. ಬದುವಿನ ಹುಲ್ಲು ದನಕ್ಕ, ಬದುವಿನ ಬೇವಿನ ನೆರಳು ದಣದವರಿಗೆ. ಮಳಿ ಬಂದ್ರ ನೀರು ಹಿಡಿಯೂದೂ ಅದ, ಮಣ್ಣು ಕೊಚ್ಚಿ ಹೋಗದಂಗ ತಡಿಯೂದೂ ಅದ. ಬದು ಒಡದ್ರ ಒಬ್ಬರ ಹೊಲಾ ಅಲ್ಲ, ಎರಡೂ ಹೊಲಾ ಕೆಡ್ತಾವ.

ಆದ್ರ ಬದು ಒತ್ತೂ ಮಂದೀನೂ ಇದ್ರು. ಒಮ್ಮೆಲೆ ಯಾರೂ ಒತ್ತೂದಿಲ್ಲ. ವರ್ಷಕ್ಕ ಒಂದ ಸಾಲು, ನೇಗಿಲಾ ಸ್ವಲ್ಪ ಆಚೆ ಸರಿಸಿ ಹೊಡೀತಾರ. ಹತ್ತು ವರ್ಷಕ್ಕ ನೋಡಿದ್ರ ಗುಂಟೆಗಟ್ಟಲೆ ಹೋಗಿರ್ತೈತಿ. ಗುಂಟೆ ಅಂದ್ರ 33 ಫೂಟಿಗೆ 33 ಫೂಟು, 1089 ಚದರ ಫೂಟು. ಅಂಥಾವು 40 ಕೂಡಿದ್ರ ಒಂದು ಎಕರೆ. ಕಡೀಕ ಮೋಜಣಿ ಮಾಡಾವರನ್ನ ಕರಿಸಿ, ಹದ್ದಬಸ್ತ ಮಾಡಿಸಿ, ಕಲ್ಲು ಹುಗಸೂತನಕ ಜಗಳಾ. "ನಾ ಏನೂ ಒತ್ತಿಲ್ಲ, ಎತ್ತು ಹೋದಂಗ ಹೋಗೀನಿ" ಅಂತ ಒತ್ತಿದಂವ ಆಣಿ ಮಾಡ್ತಿದ್ದ. ಆ ಕತ್ತಲಾಗ ನನಗ ನನ್ನ ಚಾವಿ ನೆನಪಾತು. ಮೊದಲು ಅಡಿಗಿ ಮನಿ, ಆಮ್ಯಾಲೆ ಪಡಸಾಲಿ, ಆಮ್ಯಾಲೆ ಕಪಾಟು. ವಾರಕ್ಕ ಒಂದ ಸಾಲು ನಾನೂ ಒತಗೊಂಡು ಹೋಗಿದ್ದೆ. ಮಾಯೆಯಿಂದ ಒತ್ತಿದ್ದೆ, ಖರೇ. ಆದ್ರ ಒತ್ತಿದ್ದು ಒತ್ತಿದ್ದ.

ಇನ್ನ 'ನಮ್ಮ ಕಾಲಕ್ಕ ಈ ಶಬ್ದ ಇರಲಿಲ್ಲ' ಅಂದಿದ್ನೆಲ್ಲಾ, ಅದೂ ಪೂರಾ ಖರೇ ಅಲ್ಲ. ಗಡಿ, ಎಲ್ಲೆ, ಮೇರೆ, ಸೀಮಿ, ಹದ್ದು, ಸರಹದ್ದು ಅಂತ ನಮ್ಮಲ್ಲೆ ಎಷ್ಟರ ಶಬ್ದ ಅದಾವ! 'ಹದ್ದ ಮೀರಬ್ಯಾಡ' ಅಂತ ಬೈಸಿಕೊಳ್ಳದ ಬೆಳದ ಹೆಣ್ಣುಮಗಳು ಯಾರದೀರಿ? ದಸರಾದಾಗ ಸೀಮೋಲ್ಲಂಘನ ಅಂತ ಊರ ಸೀಮಿ ದಾಟಿ ಬನ್ನಿ ತರೂದೈತಿ. ಇಂಗ್ಲಿಷಿನ್ಯಾಗೂ ಒಂದೊಂದಕ್ಕ ಒಂದೊಂದು. 'ಬಾರ್ಡರ್' ಅಂದ್ರ ಮೂಲದಾಗ ಅಂಚು. ಅದಕ್ಕ ನಮ್ಮ ಇಳಕಲ್ ಸೀರಿ ದಡಿಗೂ ಅದ ಶಬ್ದ, 1956ರಾಗ ರಾಜ್ಯ ಬ್ಯಾರೆ ಬ್ಯಾರೆ ಆದ ಮ್ಯಾಲೆ ಬೆಳಗಾವಿ ಕಡೆ ಇನ್ನೂ ನಡದ ಜಗಳಕ್ಕೂ ಅದ ಶಬ್ದ. ಹುಡುಗರು ಹೆಂಗೋ ಕಟಾಕಟಿ ಪಾಸ್ ಆದ್ರ 'ಬಾರ್ಡರ್ ಪಾಸ್' ಅಂತೀವಿ. 'ಲಿಮಿಟ್' ಅಂತೂ ಬೈಯೂ ಶಬ್ದನ ಆಗಿಬಿಟ್ಟೈತಿ: "ಲಿಮಿಟಿನ್ಯಾಗ ಇರು!" ನಮ್ಮವು, ಅವರವು ಎಲ್ಲಾ ಕೂಡಿಸಿ ನೋಡಿದ್ರ ಒಂದು ಮಾತು ತಿಳೀತೈತಿ. ಇವನ್ನೆಲ್ಲಾ ನಮಗ ಹೇಳತಿದ್ದವರು ಬ್ಯಾರೆಯವರು. ಹೆಣ್ಣುಮಗಳು ತಾನ ಬಾಯಿ ತಗದು 'ಇದು ನನ್ನ ಗಡಿ' ಅಂದದ್ದು ನಾ ಕೇಳಿರಲಿಲ್ಲ.

ನಾ ಲಗ್ನಾ ಆಗಿ ಬಂದಾಗ ನನ್ನದು ಅಂತ ಒಂದು ಟ್ರಂಕ್ ಇತ್ತು. ಅದಕ್ಕ ಒಂದು ಸಣ್ಣ ಕೀಲಿ ಹಾಕಿದ್ದೆ. "ಸೊಸಿಗೆ ಕೀಲಿ ಯಾತಕ್ಕವಾ?" ಅಂತ ನಮ್ಮತ್ತಿಯವರು ನಕ್ಕೊಂತನ ಕೇಳಿದ್ರು. ಮರುದಿನದಿಂದ ಕೀಲಿ ಹಾಕಲಿಲ್ಲ. ನಮ್ಮವ್ವ ಬರೀತಿದ್ದ ಇನ್‌ಲ್ಯಾಂಡ್ ಪತ್ರ ನನ್ನ ಕೈಗೆ ಬರೂದರಾಗ ಒಡದಿರ್ತಿದ್ವು. ಅವ್ವಗ ಇದು ಗೊತ್ತಾದ ಮ್ಯಾಲೆ ತನ್ನ ಜಡ್ಡಿನ ವಿಷಯ ಬರಿಯೂದ ಬಿಟ್ಲು. 'ಎಲ್ಲಾರೂ ಆರಾಮ ಅದೀವಿ' ಅಂತ ಅಷ್ಟ. ಅಕಿಗೆ ಏನಾಗಿತ್ತು ಅಂತ ನನಗ ತಿಳಿದದ್ದು ಭಾಳ ತಡಾ. ಅತ್ತಿಯವರು ಕೆಟ್ಟವರಲ್ಲ, ನನ್ನ ಮ್ಯಾಲೆ ಮಾಯೆ ಇತ್ತು. ಆದ್ರೂ ಆವತ್ತು ನನಗ ಒಂದು ಶಬ್ದ ಬೇಕಾಗಿತ್ತು. ಇರಲಿಲ್ಲ. ನನಗ ಸಿಗಲಾರದ್ದು ನನ್ನ ಮಗಳಿಗೆ ಸಿಕ್ಕೈತಿ ಅಂದ್ರ ನಾ ಅಳಬೇಕೋ, ನಗಬೇಕೋ?

ಹದಿನಾರನೇ ದಿನ ನಾನ ಫೋನ್ ಮಾಡಿದೆ. "ತಪ್ಪಾತವಾ" ಅಂದೆ. ಮಗಳಿಗೆ ಹಂಗ ಅನ್ನೂದು ಸುಲಭ ಅಲ್ಲ, ಗಂಟಲಾ ಹಿಡೀತು. ಅಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ಲು: "ಮಮ್ಮಿ, ಲಿಮಿಟ್ ಅಂದ್ರ ನಿನಗ ಹಾಕೂದು. ಬೌಂಡ್ರಿ ಅಂದ್ರ ನಾ ಏನು ಮಾಡ್ತೀನಿ ಅಂತ ಹೇಳೂದು. ನನ್ನ ಮಾತು ನೀ ಮಂದಿ ಮುಂದ ಹೇಳಿದ್ರ, ನಾ ನಿನಗ ಹೇಳೂದ ಬಿಡಬೇಕಾಗ್ತೈತಿ. ಹಂಗ ಆಗೂದು ನನಗ ಬ್ಯಾಡಾಗೈತಿ. ಅದಕ್ಕ ಗೆರಿ ಹಾಕೀನಿ."

'ಎಲ್ಲಾರೂ ಆರಾಮ ಅದೀವಿ' ಅಂತ ನಮ್ಮವ್ವ ಬರದ ಪತ್ರ ನೆನಪಾಗಿ ನನಗ ಅಳು ಬಂತು. ಗೆರಿ ಇಲ್ಲದ್ದಕ್ಕ ನಮ್ಮವ್ವ ನನ್ನಿಂದ ದೂರ ಆಗಿದ್ಲು. ನನ್ನ ಮಗಳು ಗೆರಿ ಹಾಕಿ ನನ್ನ ಹತ್ರ ಇಟಗೊಳ್ಳಾಕ ನೋಡಾಕತ್ತಿದ್ಲು. ಅಕಿ ಚಕ್ಕಬಂದಿ ಬರದ್ರ ಒಂದು ದಿಕ್ಕಿಗೆ ನನ್ನ ಹೆಸರು ಐತಿ ಅಂತಾತು. ನಾ ಅದನ್ನ ನೋಡದ ಬರೇ ಗ್ವಾಡಿ ನೋಡಿದ್ದೆ.

ಎಲ್ಲಾ ಸರಿ ಹೋತು ಅಂತ ಹೇಳೂದಿಲ್ಲ. ಚಾವಿ ಇನ್ನೂ ಅಕಿ ಹತ್ರನ ಐತಿ. ಈಗ ಚಿಗರಿ ಹತ್ತೂ ಮೊದಲು ಫೋನ್ ಮಾಡ್ತೀನಿ. ಎರಡು ಸಲ "ಇವತ್ತ ಬ್ಯಾಡ ಮಮ್ಮಿ" ಅಂದ್ಲು. ಕಟ್ಟಿದ ರೊಟ್ಟಿ ಬಾಜೂ ಮನಿಯವರಿಗೆ ಕೊಟ್ಟು ಬಂದು ಸುಮ್ಮನ ಕೂತೆ. ಹೊಟ್ಯಾಗ ಚುರ್ ಅಂದದ್ದಂತೂ ಖರೇ. ತಂಗಿ ಮುಂದ ಬಾಯಿ ಬಿಗಿ ಹಿಡಿಯೂದು ಇನ್ನೂ ಕಲೀಲಿಕತ್ತೀನಿ. ಆಕಿ ಸಿಟ್ಟಾಗ್ಯಾಳ, "ನನಗೂ ಹೇಳೂದಿಲ್ಲೇನ ಅಕ್ಕಾ?" ಅಂತಾಳ. ತಂಗೀ, ಇದನ್ನ ನೀನೂ ಓದತೀದಿ ಅಂತ ಗೊತ್ತೈತಿ. ನಿನ್ನ ಮ್ಯಾಲಿನ ಮಾಯೆ ಕಡಿಮಿ ಆಗಿಲ್ಲವಾ. ಬದು ಒಂದು ಹಾಕೇನಿ, ಅಷ್ಟ.

ಇದನ್ನ ಬರದು ಮೊದಲು ಮಗಳಿಗೆ ಓದಾಕ ಕೊಟ್ಟೆ. ಎರಡು ಸಾಲು ಹೊಡದು ಹಾಕಿದ್ಲು. ಉಳಿದದ್ದು ಇರಲಿ ಅಂದ್ಲು.

ಹೋದ ತಿಂಗಳ ಅಕಿನ ಫೋನ್ ಮಾಡಿ, "ಮಮ್ಮಿ, ನಾಳೆ ನನ್ನ ಕೂಡ ಒಂದು ಕಡೆ ಬರ್ತಿಯೇನು?" ಅಂತ ಕೇಳಿದ್ಲು. ಎಲ್ಲಿಗೆ ಅಂತ ನಾ ಕೇಳಲಿಲ್ಲ. ಹೋದೆ. ನೀವೂ ಕೇಳಬ್ಯಾಡ್ರಿ.