ಅಟ್ಟದ ಮೇಲೆ ಉಳಿದಿದ್ದ ಅಮಾನತ್

ನಾಲ್ಕು ದಶಕ ಬಾಳಿದ ಮನೆಯನ್ನು ತೆರವು ಮಾಡಲು ನಮಗೆ ಹನ್ನೆರಡು ದಿನಗಳು ಬೇಕಾದವು. ಮಂಗಳೂರಿನ ಹೊರವಲಯದ ಆ ಹಂಚಿನ ಮನೆಯನ್ನು ಕಟ್ಟಿಸಿದವರು ನನ್ನ ಉಪ್ಪ. ಮಕ್ಕಳು ಗಲ್ಫ್ ಸೇರಿದ ಬಳಿಕ ಅಲ್ಲಿ ಉಳಿದವರು ನಾನು ಮತ್ತು ಪತ್ನಿ ಮಾತ್ರ. ಪ್ರತಿ ಮಳೆಗಾಲಕ್ಕೆ ಮುನ್ನ ಹಂಚು ಸರಿಪಡಿಸುವ ಶಕ್ತಿ ಕುಂದಿದಾಗ, ಎರಡು ಕೋಣೆಗಳ ಫ್ಲ್ಯಾಟಿಗೆ ಹೋಗಲು ನಿರ್ಧರಿಸಿದೆವು.

ಕಪಾಟುಗಳನ್ನು ತೆರೆದಾಗಲೇ ನಮ್ಮ ಸಂಗ್ರಹದ ಅರಿವಾದದ್ದು. ಕಟ್ಟು ಬಿಚ್ಚದ ಕಂಬಳಿಗಳು, ಅತಿಥಿಗಳಿಗೆಂದು ಎತ್ತಿಟ್ಟು ಯಾವ ಅತಿಥಿಗೂ ಬಡಿಸದ ಪಿಂಗಾಣಿ ತಟ್ಟೆಗಳು, ಟ್ರಂಕಿನೊಳಗೇ ಹಳದಿಯಾದ ಬಟ್ಟೆಗಳು. "ಇವುಗಳ ಲೆಕ್ಕ ಕೇಳಿದರೆ ಏನೆಂದು ಹೇಳೋಣ?" ಎಂದಳು ಪತ್ನಿ. ಅನುಗ್ರಹಗಳ ಕುರಿತು ಅಂದು ಖಂಡಿತ ವಿಚಾರಣೆಯಾಗುವುದು ಎಂದು ಅತ್ತಕಾಸುರ್ ಅಧ್ಯಾಯವು ಎಚ್ಚರಿಸುತ್ತದೆ. ಅದನ್ನು ನಮಾಝಿನಲ್ಲಿ ಎಷ್ಟೋ ಬಾರಿ ಓದಿದ್ದೆ. ಆ ಕಪಾಟಿನ ಮುಂದೆ ನಿಂತಾಗಲೇ ಅರ್ಥವಾಯಿತು.

ಕೊಡುವುದು ಸುಲಭವಿರಲಿಲ್ಲ. ಹಳೆಯದನ್ನು ಕೊಡಲು ಕೈ ಮುಂದಾಗುತ್ತಿತ್ತು, ಒಳ್ಳೆಯದರ ಮುಂದೆ ತಡೆಯುತ್ತಿತ್ತು. ಪ್ರವಾದಿ(ಸ)ರ ಮನೆಯಲ್ಲಿ ಆಡೊಂದನ್ನು ಕೊಯ್ದು ಹಂಚಿದ ಸಂದರ್ಭ ಆಗ ನೆನಪಾಯಿತು. ಭುಜದ ಭಾಗವೊಂದೇ ಉಳಿದಿದೆ ಎಂದು ಹ. ಆಯಿಶಾ(ರ) ತಿಳಿಸಿದಾಗ, ಭುಜವೊಂದನ್ನು ಬಿಟ್ಟು ಉಳಿದುದೆಲ್ಲವೂ ಉಳಿಯಿತು ಎಂಬರ್ಥದಲ್ಲಿ ಪ್ರವಾದಿ(ಸ) ಉತ್ತರಿಸಿದರು. ಮರುದಿನ ಕಂಬಳಿಗಳೂ ತಟ್ಟೆಗಳೂ ಕಟ್ಟು ಬಿಚ್ಚದೆಯೇ ಬಡ ಕುಟುಂಬಗಳ ಮನೆ ಸೇರಿದವು.

ಹತ್ತನೆಯ ದಿನ ಅಟ್ಟ ಹತ್ತಿದೆ. ಮೂಲೆಯಲ್ಲಿ ಹರಿದ ಚಾಪೆಗಳ ಕೆಳಗೆ ಕಲಾಯಿ ಹಾಕಿದ ತಾಮ್ರದ ಪಾತ್ರೆಯೊಂದು ಬೋರಲಾಗಿ ಬಿದ್ದಿತ್ತು. ಅದರ ಅಂಚಿನಲ್ಲಿ ಕೊರೆದಿದ್ದುದು ನಮ್ಮ ಮನೆಯ ಹೆಸರಲ್ಲ, ನೆರೆಮನೆಯದು.

ನನ್ನ ಎದೆ ನಡುಗಿತು. ತಂಗಿಯ ಮದುವೆಗೆಂದು ನೆರೆಮನೆಯ ಮಾಮಿಯಿಂದ ಉಮ್ಮ ತಂದಿದ್ದ ಪಾತ್ರೆಯದು. ತಿಂಗಳ ಬಳಿಕ ಮಾಮಿ ಕೇಳಲು ಬಂದಾಗ, ಉಮ್ಮ ನನ್ನನ್ನು ಅಟ್ಟಕ್ಕೆ ಕಳುಹಿಸಿದರು. ನಾನಾಗ ಇಪ್ಪತ್ತರ ತರುಣ, ಎಲ್ಲಿಗೋ ಹೊರಡುವ ಅವಸರದಲ್ಲಿದ್ದೆ. ಏಣಿಯ ಮೇಲೆ ನಿಂತು ಒಮ್ಮೆ ಇಣುಕಿ, "ಇಲ್ಲಿಲ್ಲ" ಎಂದುಬಿಟ್ಟೆ. ನನ್ನ ಮಾತನ್ನು ನಂಬಿ ಉಮ್ಮ ಅವರಿಗೆ ಹಾಗೆಯೇ ಹೇಳಿದರು. ಮಾಮಿ ಮರುಮಾತಾಡದೆ ಹೋದರು. ಆ ಬಳಿಕ ಎರಡು ಮನೆಗಳ ನಡುವಿನ ಹಾದಿಯಲ್ಲಿ ಹುಲ್ಲು ಬೆಳೆಯಿತು. ಇಂದು ಅವರಿಬ್ಬರೂ ಕಬರಿನಲ್ಲಿದ್ದಾರೆ.

ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂಬುದು ಅನ್ನಿಸಾ ಅಧ್ಯಾಯದ 58ನೆಯ ವಚನದ ಆಜ್ಞೆ. ನೆರೆಹೊರೆಯವರಿಗೆ ಕೊಡಲಿ, ಪಾತ್ರೆ, ಬಕೆಟ್‌ನಂತಹ ವಸ್ತುಗಳನ್ನು ಬಳಸಲು ಕೊಡದವರನ್ನು ಅಲ್ ಮಾಊನ್ ಅಧ್ಯಾಯ ಖಂಡಿಸುತ್ತದೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮಾಮಿ ಕೊಟ್ಟವರು. ತಡೆದಿಟ್ಟವರು ನಾವು.

ಪಾತ್ರೆಯನ್ನು ಉಜ್ಜಿ ತೊಳೆದು, ಮಾಮಿಯ ಮಗಳ ಮನೆಗೆ ಒಯ್ದೆ. ನಡೆದುದನ್ನು ಮುಚ್ಚಿಡದೆ ಹೇಳಿ, ಕ್ಷಮಿಸಬೇಕೆಂದು ಬೇಡಿದೆ. ಆಕೆ ಅಂಚಿನ ಅಕ್ಷರಗಳನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ನಮ್ಮ ಉಮ್ಮ ನಿಮ್ಮ ಮನೆಯವರನ್ನು ಸಂಶಯಿಸಲಿಲ್ಲ. ಬೇರೆ ಮನೆಗಳಲ್ಲಿ ಕೇಳುತ್ತಲೇ ಇದ್ದರು. ಮತ್ತೆ ಕೇಳಿದರೆ ನಿಮಗೆ ನೋವಾದೀತೆಂದು ಆ ಕಡೆ ಬರುವುದನ್ನೇ ಬಿಟ್ಟರು" ಎಂದರು. ತನ್ನ ಪಾಲನ್ನು ಆಕೆ ಕ್ಷಮಿಸಿದರು. ಮಾಮಿಯ ಪಾಲನ್ನು ಕ್ಷಮಿಸುವ ಅಧಿಕಾರ ಆಕೆಗೂ ಇರಲಿಲ್ಲ.

ಅನ್ಯಾಯ ಮಾಡಿದವನು, ದೀನಾರ್ ದಿರ್ಹಮ್‌ಗಳು ಉಪಯೋಗಕ್ಕೆ ಬಾರದ ದಿನಕ್ಕೆ ಮುನ್ನವೇ ಅದನ್ನು ಇತ್ಯರ್ಥಪಡಿಸಿಕೊಳ್ಳಬೇಕೆಂದು ಪ್ರವಾದಿ(ಸ) ಬೋಧಿಸಿದ್ದಾರೆ. ನಾನು ತಡಮಾಡಿದೆ. ಈಗ ಪ್ರತಿ ನಮಾಝಿನ ಬಳಿಕ ಉಮ್ಮನ ಹೆಸರಿನೊಂದಿಗೆ ಮಾಮಿಯ ಹೆಸರೂ ನನ್ನ ದುಆದಲ್ಲಿದೆ.

ಫ್ಲ್ಯಾಟಿನಲ್ಲಿ ಅಟ್ಟವಿಲ್ಲ. ಇರುವ ಎರಡು ಕಪಾಟುಗಳಲ್ಲಿ ಏನಿದೆ, ಯಾರದ್ದಿದೆ ಎಂಬುದು ನಮಗೆ ತಿಳಿದಿದೆ. ಓದುಗರಲ್ಲಿ ನನ್ನದೊಂದು ವಿನಂತಿ: ಮನೆ ಬದಲಿಸುವ ದಿನಕ್ಕಾಗಿ ಕಾಯಬೇಡಿ. ಇಂದೇ ಒಮ್ಮೆ ಅಟ್ಟ ಹತ್ತಿ, ಮೂಲೆಯವರೆಗೂ ನೋಡಿ. ಹಕ್ಕುದಾರರು ಬದುಕಿರುವಾಗಲೇ ಅವರದನ್ನು ಅವರ ಕೈಗೆ ಒಪ್ಪಿಸಿ. ಅಲ್ಲಾಹನು ನಮ್ಮೆಲ್ಲರ ಲೆಕ್ಕವನ್ನು ಹಗುರಗೊಳಿಸಲಿ. ಆಮೀನ್.